ಸ್ತ್ರೀಯರ ಪುಸ್ತಕದಂಗಡಿಗಳು

ಸಾಯಂಕಾಲದಲ್ಲಿ ನಮ್ಮ ಕಮಲಾಪುರದ ಬೀದಿಗಳಲ್ಲಿ ಒಂದು ಸುತ್ತು ತಿರುಗಿ ಬಂದವರಿಗೆ ಒಂದು ಸಂಗತಿಯು ತಾನಾಗಿಯೇ ಕಣ್ಣಿಗೆ ಬೀಳುವುದು. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಕೆಂಪು ಬಾಳೆಯ ಗೊನೆಗಳನ್ನು ತೂಗುಹಾಕಿದ ಅಂಗಡಿಗಳ ಮುಂದೆ, ಚಹದಂಗಡಿಯ ಹಲಗೆಯ ಮೇಲೆ, ಕ್ಷೌರದಂಗಡಿಯ ಬಾಗಿಲಲ್ಲಿ, ಗುಡಿಯ ಎದುರಿನ ಬೇವಿನ ಕಟ್ಟೆಯಲ್ಲಿ, ಎಲ್ಲೆಲ್ಲಿಯೂ ಗಂಡಸರು ಕುಳಿತಿರುವರು. ಅವರಲ್ಲಿ ಕೆಲಸವಿದ್ದು ಕುಳಿತವರು ಕೆಲವರು; ಕೆಲಸವಿಲ್ಲದೆ ಕುಳಿತವರೇ ಹೆಚ್ಚು. ಏಕೆ ಕುಳಿತಿರಿ ಎಂದು ಅವರನ್ನು ಯಾರೂ ಕೇಳುವುದಿಲ್ಲ. ನಾವೂ ನಲವತ್ತು ವರ್ಷಗಳಿಂದ ಆ ಕಟ್ಟೆಯ ಒಂದು ಮೂಲೆಯ ಹಕ್ಕುದಾರರಾಗಿರುವೆವು. ನಮ್ಮನ್ನೂ ಯಾರೂ ಕೇಳಿದ್ದಿಲ್ಲ.

ಇನ್ನು ಸ್ತ್ರೀಯರ ಮಾತು. ಅವರೂ ಬೀದಿಯಲ್ಲಿ ಕಾಣುವರು. ಆದರೆ ನಡೆಯುತ್ತಿರುವರು, ಕುಳಿತಿರುವುದಿಲ್ಲ. ಒಬ್ಬಳ ಕೈಯಲ್ಲಿ ಕಿರಾಣಿಯ ಚೀಲ, ಇನ್ನೊಬ್ಬಳ ಕಂಕುಳಲ್ಲಿ ಕೂಸು, ಮತ್ತೊಬ್ಬಳ ತಲೆಯ ಮೇಲೆ ಮೇವಿನ ಹೊರೆ. ಹಿಂದೆ ಬಾವಿಯ ಕಟ್ಟೆಯೊಂದು ಅವರಿಗೆ ನಿಲ್ಲಲು ನೆಲೆಯಾಗಿತ್ತು. ಮನೆಗೆ ನಳ ಬಂದ ಮೇಲೆ ನೀರಿನ ಶ್ರಮ ತಪ್ಪಿತು, ಕೂಡಿ ಮಾತನಾಡುವ ಸ್ಥಳವೂ ತಪ್ಪಿತು. ಮನೆಯಿಂದ ಹೊರಟ ಹೆಂಗಸು ಎಲ್ಲಿಗೆ, ಏತಕ್ಕೆ, ಎಷ್ಟು ಹೊತ್ತಿಗೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಹೊರಡಬೇಕು. ಗೃಹಸ್ಥರಾದ ವಾಚಕರು ತಮ್ಮ ಮನೆಯ ವಾಡಿಕೆಯನ್ನು ನೆನೆದು ನೋಡಿದರೆ ನಮ್ಮ ಮಾತಿನಲ್ಲಿ ಅತಿಶಯೋಕ್ತಿ ಇಲ್ಲವೆಂದು ಒಪ್ಪುವರು.

ಹೀಗೆ ಉತ್ತರ ಹೇಳಬೇಕಾದ ಹೆಂಗಸಿಗೆ ‘ಪುಸ್ತಕ ಕೊಳ್ಳಲು ಹೋಗಿದ್ದೆ’ ಎಂಬುದು ಮರ್ಯಾದೆಯ ಉತ್ತರ. ಸಭೆಗೆ ಹೋಗಿದ್ದೆ ಎಂದರೆ ಯಾವ ಸಭೆ ಎಂದು ಕೇಳುವರು. ಗೆಳತಿಯ ಮನೆಗೆ ಎಂದರೆ ಯಾವ ಗೆಳತಿ ಎನ್ನುವರು. ಪುಸ್ತಕದಂಗಡಿಯಾದರೋ ಬೀದಿಗೆ ತೆರೆದ ಬಾಗಿಲು. ಅಲ್ಲಿ ನುಗ್ಗಲು ಆಮಂತ್ರಣ ಬೇಡ, ಚಂದಾ ಬೇಡ, ಹೆಸರು ಬರೆಸಬೇಕಾದುದಿಲ್ಲ. ಈ ಸಣ್ಣ ಅನುಕೂಲವನ್ನೇ ಆಧಾರವಾಗಿ ಹಿಡಿದು, ಕಳೆದ ಐವತ್ತೈದು ವರ್ಷಗಳಲ್ಲಿ ಲೋಕದ ಹಲವು ನಗರಗಳಲ್ಲಿ ಸ್ತ್ರೀಯರು ಸ್ತ್ರೀಯರಿಗಾಗಿ ಪುಸ್ತಕದಂಗಡಿಗಳನ್ನು ತೆರೆದರು. ನಿಲ್ಲಲು ಎಲ್ಲಿಯೂ ಎಡೆ ದೊರೆಯದ ಒಂದು ಬಗೆಯ ಹೆಂಗಳೆಯರಿಗೆ ಆ ಅಂಗಡಿಗಳೇ ತವರುಮನೆಯಾದುವು. ಅವುಗಳ ಚರಿತ್ರೆಯನ್ನು ನಮ್ಮ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ನಿವೃತ್ತನಾದ ಒಬ್ಬ ಹಳ್ಳಿಯ ಉಪಾಧ್ಯಾಯನಿಗೆ ಈ ವಿಷಯ ಏತಕ್ಕೆ ಬೇಕಾಯಿತೆಂಬುದನ್ನು ಕೊನೆಯಲ್ಲಿ ಅರಿಕೆ ಮಾಡುವೆವು. ಅದು ನಮಗೆ ಹೆಮ್ಮೆಯನ್ನು ತರುವ ಕಥೆಯಲ್ಲ.

ಸ್ತ್ರೀಯರು ಕೂಡಿ ಕುಳಿತು ಮಾತನಾಡುವುದು ಪರದೇಶದಿಂದ ಬಂದ ವಾಡಿಕೆಯೆಂದು ಯಾರೂ ಭಾವಿಸಬಾರದು. ನಮ್ಮ ಊರಿನ ರಸ್ತೆಯನ್ನೇ ಹಿಡಿದು ಮುಂದೆ ಹೋದರೆ ಹುಮನಾಬಾದು, ಅದರಿಂದಾಚೆಗೆ ಬಸವಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಕೂಡಿದ ಶರಣರ ಗೋಷ್ಠಿಯಲ್ಲಿ ಸ್ತ್ರೀಯರಿಗೂ ಆಸನವಿತ್ತು. ಮೂವತ್ತಕ್ಕೂ ಹೆಚ್ಚು ಮಂದಿ ಶರಣೆಯರ ವಚನಗಳು ಇಂದಿಗೂ ಉಳಿದಿರುವುವು. ಮನೆಯನ್ನೂ ಪತಿಯನ್ನೂ ತೊರೆದು ಒಬ್ಬಳೇ ನಡೆದು ಬಂದ ಅಕ್ಕಮಹಾದೇವಿಗೆ ಆ ಗೋಷ್ಠಿಯು ಪ್ರಶ್ನೆಗಳನ್ನು ಕೇಳಿತೆಂದೂ, ಕೇಳಿದ ಮೇಲೆ ಎಡೆಯನ್ನು ಕೊಟ್ಟಿತೆಂದೂ ನಮ್ಮ ಕಾವ್ಯಗಳು ಹೇಳುವುವು.

ಅಚ್ಚಿನ ಕಾಲ ಬಂದ ಮೇಲೆ ಇದೇ ಕಾರ್ಯವನ್ನು ಪುಸ್ತಕದ ಮೂಲಕ ಮಾಡಿದವರಲ್ಲಿ ನಂಜನಗೂಡಿನ ತಿರುಮಲಾಂಬಾ ಅವರು ಅಗ್ರಗಣ್ಯರು. ೧೮೮೭ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ವೈಧವ್ಯಕ್ಕೊಳಗಾದ ಈ ಮಹಿಳೆ ತಾವೇ ಬರೆದರು, ತಾವೇ ಪ್ರಕಟಿಸಿದರು. ೧೯೧೩ರ ಸುಮಾರಿಗೆ ‘ಸತೀ ಹಿತೈಷಿಣೀ’ ಎಂಬ ಗ್ರಂಥಮಾಲೆಯನ್ನು ತೆಗೆದು, ತಮ್ಮ ‘ಸುಶೀಲೆ’ ಮೊದಲಾದ ಕಾದಂಬರಿಗಳನ್ನು ಕನ್ನಡದ ಹೆಣ್ಣುಮಕ್ಕಳ ಕೈಗೆ ಮುಟ್ಟಿಸಿದರು. ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು, ಅವರೂ ಬಾಲವಿಧವೆಯೇ, ೧೯೨೧ರಲ್ಲಿ ‘ಸರಸ್ವತಿ’ ಪತ್ರಿಕೆಯನ್ನು ಆರಂಭಿಸಿ ನಲವತ್ತು ವರ್ಷಗಳಿಗೂ ಮೀರಿ ನಡೆಸಿದರು. ೧೯೩೮ರಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಮಂಗಳ ಕಾರ್ಯಗಳಿಗೆ ಎದುರು ಬರಬಾರದೆಂದು ಸಮಾಜವು ಯಾರನ್ನು ಒಳಮನೆಗೆ ತಳ್ಳಿತ್ತೋ ಅವರೇ ಇತರ ಸ್ತ್ರೀಯರಿಗಾಗಿ ಓದುವ ನೆಲೆಗಳನ್ನು ಕಟ್ಟಿದರು. ಇದು ಆಕಸ್ಮಿಕವಲ್ಲವೆಂದು ನಮಗೆ ತೋರುವುದು. ತನಗೆ ಎಡೆಯಿಲ್ಲದವಳಿಗೆ ಎಡೆಯ ಬೆಲೆ ತಿಳಿದಿರುವುದು.

ಆದರೆ ಆ ಪೂಜ್ಯರ ಪುಟಗಳಲ್ಲಿಯೂ ಒಂದು ಬಗೆಯ ಸ್ತ್ರೀಯರ ಪ್ರಸ್ತಾಪವಿರಲಿಲ್ಲ. ಅವರು ಯಾರೆಂದರೆ, ಸ್ತ್ರೀಯನ್ನೇ ಪ್ರೀತಿಸಿ, ಸ್ತ್ರೀಯೊಡನೆಯೇ ಬಾಳನ್ನು ಕಳೆಯಲು ಬಯಸುವ ಸ್ತ್ರೀಯರು. ಪಾಶ್ಚಾತ್ಯರು ಇವರನ್ನು ಲೆಸ್ಬಿಯನ್ ಎನ್ನುವರು. ಎರಡು ಸಾವಿರದ ಐನೂರು ವರ್ಷಗಳಿಗೂ ಹಿಂದೆ ಯವನ ದೇಶದ ಲೆಸ್ಬೋಸ್ ದ್ವೀಪದಲ್ಲಿದ್ದ ಸ್ಯಾಫೋ ಎಂಬ ಕವಯಿತ್ರಿಯು ಸ್ತ್ರೀಯರ ಮೇಲಣ ಅನುರಾಗವನ್ನು ಹಾಡಿದುದರಿಂದ ಆ ದ್ವೀಪದ ಹೆಸರೇ ಇವರ ಹೆಸರಾಯಿತು. ಕುಟುಂಬದ ಪತ್ರಿಕೆಯಲ್ಲಿ ಈ ಮಾತನ್ನು ಎತ್ತಬಹುದೆ ಎಂದು ಹಿರಿಯರು ಕೇಳಬಹುದು. ಕುಟುಂಬದಲ್ಲಿಯೇ ಹುಟ್ಟಿ ಬೆಳೆಯುವ ಮಕ್ಕಳ ಮಾತನ್ನು ಕುಟುಂಬದ ಪತ್ರಿಕೆಯಲ್ಲದೆ ಮತ್ತೆಲ್ಲಿ ಎತ್ತಬೇಕು? ಇದು ನಮ್ಮ ದೇಶದ್ದಲ್ಲವೆಂದು ಕೆಲವರು ಹೇಳುವರು. ಸಂಸ್ಕೃತವನ್ನು ಓದಿದವರು ಹಾಗೆ ಹೇಳಲಾರರು. ಕಾಮಸೂತ್ರವು ಇಂಥ ಸ್ತ್ರೀಯರನ್ನು ಬಲ್ಲುದು. ಮನುಸ್ಮೃತಿಯ ಎಂಟನೆಯ ಅಧ್ಯಾಯವು ಅವರಿಗೆ ದಂಡವನ್ನು ವಿಧಿಸಿರುವುದು. ಇಲ್ಲದ ವಸ್ತುವಿಗೆ ಯಾವ ಶಾಸ್ತ್ರಕಾರನೂ ದಂಡವನ್ನು ವಿಧಿಸಲಾರನಷ್ಟೆ. ವಂಗಭಾಷೆಯ ಕೃತ್ತಿವಾಸ ರಾಮಾಯಣದಲ್ಲಿಯಾದರೋ ದಿಲೀಪರಾಜನ ಇಬ್ಬರು ವಿಧವಾ ಪತ್ನಿಯರ ಪರಸ್ಪರ ಪ್ರೀತಿಯಿಂದಲೇ ಭಗೀರಥನು ಹುಟ್ಟಿದನೆಂಬ ಕಥೆಯಿರುವುದು. ಒಂದು ಗ್ರಂಥವು ದಂಡಿಸಿತು, ಇನ್ನೊಂದು ಗಂಗೆಯನ್ನು ತಂದವನ ತಾಯಂದಿರೆಂದು ಗೌರವಿಸಿತು. ಇಲ್ಲವೆಂದು ಮಾತ್ರ ಯಾವುದೂ ಹೇಳಲಿಲ್ಲ.

ಇಂಥ ಸ್ತ್ರೀಯರಿಗೆ ಅಮೆರಿಕದಂಥ ಸಿರಿವಂತ ದೇಶದಲ್ಲಿಯೂ ನಿಲ್ಲಲು ಸ್ಥಳವಿರಲಿಲ್ಲ. ಮದ್ಯದಂಗಡಿಗಳು ಕೆಲವಿದ್ದುವು, ಅಲ್ಲಿ ಪೋಲೀಸರ ಹಾವಳಿ. ಸಾಮಾನ್ಯ ಪುಸ್ತಕದಂಗಡಿಗಳಲ್ಲಿ ಇವರ ವಿಷಯದ ಪುಸ್ತಕಗಳು ದೊರೆತರೂ ಅವು ಬಹುಮಟ್ಟಿಗೆ ರೋಗದ ವರ್ಣನೆಗಳು, ಇಲ್ಲವೆ ಗಂಡಸರ ವಿನೋದಕ್ಕಾಗಿ ಬರೆದ ಅಗ್ಗದ ಕಾದಂಬರಿಗಳು. ಹೀಗಿರಲಾಗಿ ೧೯೭೦ರಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಇಬ್ಬರು ಸ್ತ್ರೀಯರು ತಾವು ವಾಸವಾಗಿದ್ದ ಮನೆಯ ಮುಂಜಗಲಿಯಲ್ಲಿ ಕೆಲವು ಪುಸ್ತಕಗಳನ್ನು ಹರಡಿಕೊಂಡು ಮಾರಲು ಕುಳಿತರು. ಪುರಾಣದ ವೀರವನಿತೆಯರ ಹೆಸರನ್ನು ಹಿಡಿದು ಅದಕ್ಕೆ ‘ಅಮೆಜಾನ್ ಪುಸ್ತಕದಂಗಡಿ’ ಎಂದು ಹೆಸರಿಟ್ಟರು. ಉತ್ತರ ಅಮೆರಿಕದ ಪ್ರಥಮ ಸ್ತ್ರೀವಾದಿ ಪುಸ್ತಕದಂಗಡಿಯೆಂದು ಇದನ್ನು ಎಣಿಸುವುದುಂಟು. ಅದೇ ಸುಮಾರಿಗೆ ಕ್ಯಾಲಿಫೋರ್ನಿಯದ ಓಕ್ಲೆಂಡಿನಲ್ಲಿ ‘ಸ್ತ್ರೀಯ ನೆಲೆ’ ಎಂಬರ್ಥದ ಹೆಸರಿನ ಅಂಗಡಿಯೊಂದು ಹುಟ್ಟಿತು. ೧೯೭೪ರಲ್ಲಿ ಅಟ್ಲಾಂಟಾದಲ್ಲಿ ‘ಕ್ಯಾರಿಸ್’, ಬಾಸ್ಟನ್ನಿನ ಬಳಿ ‘ನ್ಯೂ ವರ್ಡ್ಸ್’. ೧೯೭೫ರಲ್ಲಿ ನ್ಯೂಯಾರ್ಕಿನಲ್ಲಿ ‘ವುಮನ್‌ಬುಕ್ಸ್’. ೧೯೭೬ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ‘ಓಲ್ಡ್ ವೈವ್ಸ್ ಟೇಲ್ಸ್’, ಎಂದರೆ ಮುದುಕಿಯರ ಕಟ್ಟುಕಥೆ. ೧೯೭೯ರಲ್ಲಿ ಷಿಕಾಗೋದಲ್ಲಿ ‘ವಿಮೆನ್ ಅಂಡ್ ಚಿಲ್ಡ್ರನ್ ಫಸ್ಟ್’. ಇವುಗಳಲ್ಲಿ ಬಹುಪಾಲನ್ನು ತೆರೆದವರು, ನಡೆಸಿದವರು, ಕಸ ಗುಡಿಸಿದವರು ಸ್ತ್ರೀಯರನ್ನು ಪ್ರೀತಿಸುವ ಸ್ತ್ರೀಯರೇ. ಆದರೆ ಬಾಗಿಲು ಎಲ್ಲ ಸ್ತ್ರೀಯರಿಗೂ ತೆರೆದಿತ್ತು.

ಈ ಅಂಗಡಿಗಳ ಒಳಗಿನ ವ್ಯವಸ್ಥೆಯು ವಿಚಾರಮಾಡತಕ್ಕದ್ದಾಗಿರುವುದು. ಮೊದಲನೆಯದು ಕುರ್ಚಿ. ವ್ಯಾಪಾರಿಯು ಗಿರಾಕಿ ಬೇಗ ಕೊಂಡು ಹೋಗಲೆಂದು ಬಯಸುವನು. ಇಲ್ಲಿ ಕುಳಿತು ಓದಲು ಆಸನಗಳನ್ನು ಹಾಕಿದ್ದರು, ತಾಯಂದಿರ ಜೊತೆ ಬಂದ ಮಕ್ಕಳಿಗೆ ಆಟಿಕೆಗಳ ಮೂಲೆಯೊಂದನ್ನು ಬಿಟ್ಟಿದ್ದರು. ಎರಡನೆಯದು ಗೋಡೆಯ ಮೇಲಣ ಸೂಚನಾ ಫಲಕ. ಬಾಡಿಗೆಗೆ ಕೋಣೆ ಬೇಕಾದವಳು, ಕೆಲಸ ಹುಡುಕುವವಳು, ಹೊಡೆಯುವ ಗಂಡನಿಂದ ಓಡಿಬಂದವಳು, ನಂಬತಕ್ಕ ವೈದ್ಯೆಯನ್ನೋ ವಕೀಲೆಯನ್ನೋ ಅರಸುವವಳು ಮೊದಲು ನೋಡುತ್ತಿದ್ದುದು ಆ ಫಲಕವನ್ನೇ. ಹೊಸದಾಗಿ ಊರಿಗೆ ಬಂದ ಸ್ತ್ರೀಯು ಅಂಗಡಿಗೆ ಫೋನು ಮಾಡಿ ಊರಿನ ಸಮಾಚಾರವನ್ನೆಲ್ಲ ತಿಳಿದುಕೊಳ್ಳುತ್ತಿದ್ದಳು. ರಾತ್ರಿಯಲ್ಲಿ ಕಪಾಟುಗಳನ್ನು ಬದಿಗೆ ಸರಿಸಿ ಕವಿತಾವಾಚನ, ಚರ್ಚೆ, ಸಹಾಯಕೂಟಗಳು ನಡೆಯುತ್ತಿದ್ದುವು.

ಮೂರನೆಯದು ಕಪಾಟುಗಳ ಹೆಸರು. ಉಪಾಧ್ಯಾಯರಾದ ನಮಗೆ ಇದೇ ಎಲ್ಲಕ್ಕಿಂತ ಮುಖ್ಯವಾಗಿ ತೋರುವುದು. ಪುಸ್ತಕವನ್ನು ಎಲ್ಲಿ ಇಡುತ್ತೇವೆಂಬುದೇ ಅದರ ವಿಷಯವಾಗಿ ನಮ್ಮ ತೀರ್ಪು. ಬೇರೆ ಗ್ರಂಥಾಲಯಗಳಲ್ಲಿ ‘ಮನೋರೋಗ’ ಎಂಬ ಪಟ್ಟಿಯ ಕೆಳಗೆ ಅವಿತಿದ್ದ ವಿಷಯಕ್ಕೆ ಇಲ್ಲಿ ಪ್ರತ್ಯೇಕವಾದ ಕಪಾಟು, ಅದರ ಮೇಲೆ ಸ್ಪಷ್ಟವಾದ ಹೆಸರು. ತನ್ನಂಥವಳು ಲೋಕದಲ್ಲಿ ತಾನೊಬ್ಬಳೇ ಎಂದು ನಂಬಿ ಬೆಳೆದ ಹುಡುಗಿಯು ಒಂದು ಕಪಾಟಿನ ತುಂಬ ತನ್ನ ಹೆಸರಿನ ಪುಸ್ತಕಗಳನ್ನು ಕಂಡಳೆಂದರೆ, ಒಂದನ್ನೂ ತೆರೆಯುವ ಮೊದಲೇ ಅವಳಿಗೆ ಅರ್ಧ ಉತ್ತರ ದೊರೆತಂತೆಯೇ.

ಈ ಅಂಗಡಿಗಳು ಒಂದನ್ನೊಂದು ಅರಿಯದೆ ಬಾಳಲಿಲ್ಲ. ೧೯೭೬ರಲ್ಲಿ ನೆಬ್ರಾಸ್ಕ ಪ್ರಾಂತದ ಒಮಾಹಾದ ಬಳಿ ಸ್ತ್ರೀ ಮುದ್ರಕರು, ಪ್ರಕಾಶಕರು, ಪುಸ್ತಕ ಮಾರುವವರು ಸಮ್ಮೇಳನವೊಂದನ್ನು ಕೂಡಿಸಿದರು. ಅಲ್ಲಿಂದ ಹುಟ್ಟಿದ ‘ಫೆಮಿನಿಸ್ಟ್ ಬುಕ್‌ಸ್ಟೋರ್ ನ್ಯೂಸ್’ ಎಂಬ ವ್ಯಾಪಾರಪತ್ರಿಕೆಯನ್ನು ಕ್ಯಾರಲ್ ಸೀಜೇ ಎಂಬವರು ೨೦೦೦ದ ವರೆಗೆ ನಡೆಸಿದರು. ಯಾವ ಪುಸ್ತಕದ ಪ್ರತಿಗಳು ತೀರಿದುವು, ಯಾವುದನ್ನು ಮರುಮುದ್ರಣ ಮಾಡಬೇಕು ಎಂದು ಅಂಗಡಿಯವರು ಒಟ್ಟಾಗಿ ದನಿಯೆತ್ತಲು, ದೊಡ್ಡ ಪ್ರಕಾಶಕರೂ ಕಿವಿಗೊಡಬೇಕಾಯಿತು. ಸಾಗರದಾಚೆಗೂ ಈ ಪ್ರಯತ್ನಗಳು ಕಂಡುವು. ಪ್ಯಾರಿಸಿನಲ್ಲಿ ೧೯೭೪, ಮಿಲಾನ್ ಮತ್ತು ಮ್ಯೂನಿಕ್ ನಗರಗಳಲ್ಲಿ ೧೯೭೫, ಲಂಡನ್ನಿನಲ್ಲಿ ೧೯೭೮ರ ‘ಸಿಸ್ಟರ್‌ರೈಟ್’, ತರುವಾಯ ೧೯೮೪ರ ‘ಸಿಲ್ವರ್ ಮೂನ್’. ೧೯೯೦ರ ದಶಕದ ನಡುಭಾಗದಲ್ಲಿ ಉತ್ತರ ಅಮೆರಿಕವೊಂದರಲ್ಲಿಯೇ ಇಂಥ ಅಂಗಡಿಗಳು ನೂರನ್ನು ಮೀರಿದ್ದುವು.

ಅವು ಸ್ವರ್ಗಗಳಾಗಿದ್ದುವೆಂದು ಹೇಳಿದರೆ ಅದು ಚರಿತ್ರೆಯಾಗದು, ಸ್ತೋತ್ರವಾಗುವುದು. ದುಡಿದವರಿಗೆ ಸಂಬಳವು ಅಲ್ಪ. ಎಲ್ಲರೂ ಸಮಾನರೆಂಬ ತತ್ತ್ವವು ದುಡ್ಡಿನ ಲೆಕ್ಕದ ಮುಂದೆ ಪದೇ ಪದೇ ಕಷ್ಟಕ್ಕೀಡಾಯಿತು. ಅದಕ್ಕಿಂತಲೂ ದೊಡ್ಡ ಕೊರತೆಯನ್ನು ಎತ್ತಿ ತೋರಿಸಿದವರು ಕಪ್ಪು ವರ್ಣದ ಸ್ತ್ರೀಯರು. ‘ಎಲ್ಲ ಸ್ತ್ರೀಯರ ಮನೆ ಎನ್ನುವಿರಿ, ಗಲ್ಲಾಪೆಟ್ಟಿಗೆಯ ಬೀಗದ ಕೈ ಬಿಳಿಯರಲ್ಲಿಯೇ ಏಕೆ?’ ಎಂಬುದು ಅವರ ಪ್ರಶ್ನೆಯ ತಾತ್ಪರ್ಯ. ಅವರಲ್ಲಿ ಆಡ್ರಿ ಲಾರ್ಡ್, ಬಾರ್ಬರಾ ಸ್ಮಿತ್ ಮೊದಲಾದವರು ೧೯೮೦ರಲ್ಲಿ ‘ಅಡಿಗೆಮನೆಯ ಮೇಜು’ ಎಂಬರ್ಥದ ಹೆಸರಿನ ತಮ್ಮದೇ ಪ್ರಕಾಶನವನ್ನು ಕಟ್ಟಿದರು. ಜಾತಿಯ ಗೋಡೆಗಳನ್ನು ಬಲ್ಲ ನಮ್ಮ ನಾಡಿನವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾದುದಿಲ್ಲ. ಹೊರಗಿನ ಅಪಾಯವೂ ಇತ್ತು. ೧೯೮೩ರಲ್ಲಿ ಟೊರಾಂಟೊ ನಗರದಲ್ಲಿ ಮೇಲ್ಮಹಡಿಯ ಗರ್ಭಪಾತ ಚಿಕಿತ್ಸಾಲಯದ ಮೇಲಣ ದ್ವೇಷದಿಂದ ಹಚ್ಚಿದ ಬೆಂಕಿಯು ಕೆಳಗಿದ್ದ ಸ್ತ್ರೀಯರ ಪುಸ್ತಕದಂಗಡಿಯನ್ನು ಆಹುತಿ ತೆಗೆದುಕೊಂಡಿತು. ಅಂಗಡಿಯವರು ಅದೇ ಬೀದಿಯಲ್ಲಿ ಮತ್ತೆ ಬಾಗಿಲು ತೆರೆದರು.

ಬೆಂಕಿಯಿಂದಾಗದ ಕೆಲಸವು ವ್ಯಾಪಾರದಿಂದಾಯಿತು. ೧೯೯೦ರ ದಶಕದಲ್ಲಿ ಊರೂರಿಗೆ ಬೃಹತ್ ಮಳಿಗೆಗಳು ಬಂದು, ಇದೇ ಪುಸ್ತಕಗಳನ್ನು ಕಡಿಮೆ ಬೆಲೆಗೆ ಕೊಡಲಾರಂಭಿಸಿದುವು. ಅನಂತರ ಮನೆಯಲ್ಲಿ ಕುಳಿತೇ ಪುಸ್ತಕ ತರಿಸುವ ಅಂತರಜಾಲದ ವ್ಯಾಪಾರ ಹಬ್ಬಿತು. ವಿಧಿಯ ವಿಚಿತ್ರವನ್ನು ನೋಡಿರಿ: ಆ ವ್ಯಾಪಾರದ ದೊರೆಯಾದ ಕಂಪನಿಯೂ ಅಮೆಜಾನ್ ಎಂಬ ಹೆಸರನ್ನೇ ಇಟ್ಟುಕೊಂಡಿತು. ಇಪ್ಪತ್ತೈದು ವರ್ಷ ಹಿರಿಯಳಾದ ಮಿನಿಯಾಪೊಲಿಸಿನ ಅಂಗಡಿಯು ತನ್ನ ಹೆಸರಿಗಾಗಿ ೧೯೯೯ರಲ್ಲಿ ನ್ಯಾಯಸ್ಥಾನದ ಮೆಟ್ಟಿಲನ್ನೇರಿತು, ಕೊನೆಗೆ ರಾಜಿಯಾಯಿತು. ೨೦೦೮ರಲ್ಲಿ ಬೇರೆ ಹೆಸರನ್ನು ತಳೆದು, ೨೦೧೨ರಲ್ಲಿ ಆ ಅಂಗಡಿಯು ಮುಚ್ಚಿತು. ಸ್ಯಾನ್ ಫ್ರಾನ್ಸಿಸ್ಕೋದ ಮುದುಕಿಯರ ಕಥೆ ೧೯೯೫ರಲ್ಲಿಯೂ, ಲಂಡನ್ನಿನ ಸಿಲ್ವರ್ ಮೂನ್ ೨೦೦೧ರಲ್ಲಿಯೂ, ಕೇಂಬ್ರಿಜಿನ ನ್ಯೂ ವರ್ಡ್ಸ್ ೨೦೦೨ರಲ್ಲಿಯೂ, ಬೆಂಕಿಯನ್ನು ಗೆದ್ದ ಟೊರಾಂಟೊದ ಅಂಗಡಿ ೨೦೧೨ರಲ್ಲಿಯೂ ಮುಗಿದುವು. ಅಟ್ಲಾಂಟಾದ ಕ್ಯಾರಿಸ್, ಷಿಕಾಗೋದ ಅಂಗಡಿ ಮುಂತಾದ ಕೆಲವು ಮಾತ್ರ ಐವತ್ತು ವರ್ಷಗಳ ಆಸುಪಾಸಿನಲ್ಲಿ ಇನ್ನೂ ಬಾಳುತ್ತಿರುವುವು. ಪುಸ್ತಕವೇನೋ ಅಂಚೆಯಲ್ಲಿ ಮನೆಗೆ ಬರುವುದು. ಕುರ್ಚಿಯೂ ಫಲಕವೂ ಎದುರು ಕುಳಿತ ಇನ್ನೊಬ್ಬಳ ಮುಖವೂ ಅಂಚೆಯಲ್ಲಿ ಬರಲಾರವು.

ಇನ್ನು ನಮ್ಮ ದೇಶಕ್ಕೆ ಬರೋಣ. ಬೆಂಗಳೂರಿನಲ್ಲಿ ೧೯೭೯ರಲ್ಲಿ ‘ವಿಮೋಚನಾ’ ಎಂಬ ಮಹಿಳಾ ವೇದಿಕೆಯು ಹುಟ್ಟಿ, ವರದಕ್ಷಿಣೆಯ ಸಾವುಗಳ ಮೇಲೆಯೂ ಮನೆಯೊಳಗಣ ಹಿಂಸೆಯ ಮೇಲೆಯೂ ಹೋರಾಟ ಹೂಡಿತು. ಕರ್ನಾಟಕ ಲೇಖಕಿಯರ ಸಂಘವು ಸ್ಥಾಪಿತವಾದುದೂ ಅದೇ ವರ್ಷ. ವಿಮೋಚನಾದ ಸ್ತ್ರೀಯರು ೧೯೮೦ರ ದಶಕದಲ್ಲಿ ಬೆಂಗಳೂರಿನಲ್ಲಿಯೇ ‘ಸ್ತ್ರೀಲೇಖ’ ಎಂಬ ಪುಸ್ತಕದ ಮಳಿಗೆಯನ್ನು ತೆರೆದರು. ಭಾರತದ ಮೊದಲ ಸ್ತ್ರೀವಾದಿ ಪುಸ್ತಕದಂಗಡಿಯೆಂದು ಅದನ್ನು ಹೇಳುವುದುಂಟು. ಸಂಸ್ಕೃತದಲ್ಲಿ ಲೇಖವೆಂದರೆ ಬರಹ. ಅದರ ಸಹೋದರಿಯಾದ ಲೇಖೆ ಎಂದರೆ ಗೆರೆ. ಸ್ತ್ರೀಯು ಬರೆದುದು, ಸ್ತ್ರೀಯು ಎಳೆದ ಗೆರೆ ಎಂಬೆರಡು ಅರ್ಥಗಳೂ ನೆನಪಾಗುವಂಥ ಈ ಹೆಸರಿಟ್ಟವರ ರಸಿಕತೆಯನ್ನು ಮೆಚ್ಚಲೇಬೇಕು. ದೆಹಲಿಯಲ್ಲಿ ೧೯೮೪ರಲ್ಲಿ ಊರ್ವಶಿ ಬುಟಾಲಿಯಾ ಮತ್ತು ರಿತು ಮೆನನ್ ಅವರು ‘ಕಾಳಿ ಫಾರ್ ವಿಮೆನ್’ ಎಂಬ ಪ್ರಕಾಶನವನ್ನು ಸ್ಥಾಪಿಸಲು, ಇಂಥ ಮಳಿಗೆಗಳಿಗೆ ನಮ್ಮ ದೇಶದಲ್ಲಿಯೇ ಅಚ್ಚಾದ ಸರಕೂ ದೊರೆಯುವಂತಾಯಿತು.

ಸ್ತ್ರೀಯನ್ನು ಪ್ರೀತಿಸುವ ಸ್ತ್ರೀಯರ ಮಾತು ಇಲ್ಲಿ ಇನ್ನೂ ತಡವಾಗಿ ಕೇಳಿಬಂದಿತು. ೧೯೯೧ರಲ್ಲಿ ದೆಹಲಿಯ ‘ಸಖಿ’ ಎಂಬ ಕೂಟ, ೧೯೯೫ರಲ್ಲಿ ಮುಂಬಯಿಯ ‘ಸ್ತ್ರೀ ಸಂಗಮ’, ೧೯೯೯ರಲ್ಲಿ ಕಲಕತ್ತೆಯ ‘ಸ್ಯಾಫೋ’ ಹುಟ್ಟಿದುವು. ೧೯೯೮ರ ಕೊನೆಯಲ್ಲಿ ‘ಫೈರ್’ ಎಂಬ ಚಲನಚಿತ್ರವನ್ನು ತೋರಿಸುತ್ತಿದ್ದ ಮಂದಿರಗಳ ಮೇಲೆ ದಾಳಿಯಾದಾಗ, ತಾವು ಭಾರತೀಯರೂ ಹೌದು ಇಂಥವರೂ ಹೌದು ಎಂದು ಫಲಕ ಹಿಡಿದು ಸ್ತ್ರೀಯರು ದೆಹಲಿಯ ಬೀದಿಯಲ್ಲಿ ನಿಂತರು. ಮರುವರ್ಷ ಅಶ್ವಿನಿ ಸುಖಠಣಕರ್ ಅವರು ಸಂಪಾದಿಸಿದ ‘ಫೇಸಿಂಗ್ ದಿ ಮಿರರ್’ ಎಂಬ ಸಂಕಲನದಲ್ಲಿ ಈ ದೇಶದ ಇಂಥ ಸ್ತ್ರೀಯರ ಬರಹಗಳು ಒಟ್ಟಾಗಿ ಅಚ್ಚಾದುವು. ಅದೇ ೧೯೯೯ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಸಂಗಮ’ ಸಂಸ್ಥೆಯು ಮೊದಲು ಕೈಗೊಂಡುದು ಪುಸ್ತಕ, ಪತ್ರಿಕಾವರದಿ, ದಾಖಲೆಗಳನ್ನು ಕೂಡಿಸಿಟ್ಟು ಓದಲು ಒದಗಿಸುವ ಕೆಲಸವನ್ನೇ. ಎಲ್ಲಿಯೇ ಆಗಲಿ ಈ ಜನರು ಮೊದಲು ಕೇಳಿದುದು ಮೆರವಣಿಗೆಯ ಬೀದಿಯನ್ನಲ್ಲ, ಓದುವ ಮೂಲೆಯನ್ನು. ಇದನ್ನು ವಾಚಕರು ಲಕ್ಷ್ಯದಲ್ಲಿಡಬೇಕು.

ಕಾನೂನಿನ ಕಥೆಯನ್ನು ಸಂಕ್ಷೇಪವಾಗಿ ಹೇಳುವೆವು. ಆಂಗ್ಲರು ೧೮೬೦ರ ದಂಡಸಂಹಿತೆಯಲ್ಲಿ ಬರೆದಿಟ್ಟ ೩೭೭ನೆಯ ಕಲಮನ್ನು ವಯಸ್ಕರ ಸಮ್ಮತಿಯ ಸಂಬಂಧಗಳಿಗೆ ಅನ್ವಯಿಸಕೂಡದೆಂದು ೨೦೦೯ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಹೇಳಿತು. ೨೦೧೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ೨೦೧೮ರ ಸೆಪ್ಟೆಂಬರ್ ೬ರಂದು ಅದೇ ಸರ್ವೋಚ್ಚ ನ್ಯಾಯಾಲಯವು ತನ್ನ ಹಿಂದಣ ತೀರ್ಪನ್ನು ತಿದ್ದಿ, ಇಂಥ ಸಂಬಂಧವು ಅಪರಾಧವಲ್ಲವೆಂದು ಸಾರಿತು. ೨೦೨೩ರಲ್ಲಿ ವಿವಾಹದ ಹಕ್ಕನ್ನು ಕೇಳಿದಾಗ, ಅದು ಶಾಸನಸಭೆಗೆ ಸೇರಿದ ವಿಷಯವೆಂದಿತು. ಅಪರಾಧವು ಅಳಿಯಿತು, ಆದರೆ ಎಡೆ ಕೊಡುವುದು ನ್ಯಾಯಾಲಯದ ಕೈಯಲ್ಲಿಲ್ಲ. ಅದು ಬೀದಿಯವರ ಕೈಯಲ್ಲಿಯೂ ಮನೆಯವರ ಕೈಯಲ್ಲಿಯೂ ಇರುವುದು.

ನಮ್ಮ ಕಲಬುರಗಿಯ ಸೀಮೆಯು ಬರೆಯುವ ಸ್ತ್ರೀಯರಿಗೆ ಬರಡಲ್ಲ. ಕನ್ನಡದಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಪ್ರಥಮ ಮಹಿಳೆ ಗೀತಾ ನಾಗಭೂಷಣರು ಇಲ್ಲಿಯವರೇ. ೨೦೦೪ರಲ್ಲಿ ‘ಬದುಕು’ ಕಾದಂಬರಿಗೆ ಆ ಗೌರವ ದೊರೆಯಿತು. ೨೦೧೦ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷೆಯಾಗಿದ್ದ ಅವರು ೨೦೨೦ರಲ್ಲಿ ತೀರಿಕೊಂಡರು. ಗಡಿಯಾಚೆಯ ಸೋಲಾಪುರದ ಜಯದೇವಿತಾಯಿ ಲಿಗಾಡೆಯವರು ೧೯೭೪ರಲ್ಲಿ ಮಂಡ್ಯದ ಸಮ್ಮೇಳನಕ್ಕೆ ಅಧ್ಯಕ್ಷೆಯಾಗಿ, ಆ ಪೀಠವನ್ನೇರಿದ ಮೊದಲ ಸ್ತ್ರೀಯೆನಿಸಿದರು. ಬರೆದವರಿಗೆ ಕೊರತೆಯಿಲ್ಲ, ಕುಳಿತು ಓದುವ ಸ್ಥಳಕ್ಕೆ ಕೊರತೆ. ಕಲಬುರಗಿಯ ಪುಸ್ತಕದಂಗಡಿಗಳ ಮುಂದೆ ಜೂನ್ ತಿಂಗಳಿನಲ್ಲಿ ಪಠ್ಯಪುಸ್ತಕಕ್ಕಾಗಿ ನಿಂತ ತಾಯಂದಿರನ್ನು ನಾವು ಕಂಡಿರುವೆವು. ಅವರು ನಿಂತೇ ಇರುವರು, ಚೀಟಿಯನ್ನು ಚಾಚುವರು, ದುಡ್ಡು ಕೊಟ್ಟು ಬಸ್ಸು ಹಿಡಿಯುವರು.

ಇನ್ನು ನಮ್ಮ ಅರಿಕೆ. ನಾವು ಉಪಾಧ್ಯಾಯರಾಗಿದ್ದ ಒಂದು ಶಾಲೆಯಲ್ಲಿ ಗ್ರಂಥಾಲಯವೆಂದರೆ ಕಬ್ಬಿಣದ ಒಂದು ಅಲಮಾರಿ; ಅದರ ಕೀಲಿಕೈಯು ವರ್ಷಗಟ್ಟಲೆ ನಮ್ಮ ಜೇಬಿನಲ್ಲಿತ್ತು. ಇಪ್ಪತ್ತೈದು ವರ್ಷಗಳಿಗೂ ಹಿಂದಿನ ಮಾತು. ಇಬ್ಬರು ವಿದ್ಯಾರ್ಥಿನಿಯರು ಮಧ್ಯಾಹ್ನದ ಬಿಡುವಿನಲ್ಲಿ ತಪ್ಪದೆ ಬಂದು ಪುಸ್ತಕ ಕೇಳುವರು. ಒಂದೇ ಪುಸ್ತಕವನ್ನು ತೆಗೆದುಕೊಂಡು ಬೇವಿನ ಮರದ ಕೆಳಗೆ ಕುಳಿತು ಇಬ್ಬರೂ ಓದುವರು. ಕೆಲವು ದಿನಗಳ ಮೇಲೆ ಉಳಿದವರು ಅವರನ್ನು ನೋಡಿ ನಗಲಾರಂಭಿಸಿದರು. ಉಪಾಧ್ಯಾಯರ ಕೋಣೆಯಲ್ಲಿಯೂ ಮಾತು ಬಂದಿತು. ಅವರ ನಡುವೆ ಇದ್ದುದು ಬರಿಯ ಗೆಳೆತನವೋ ಮತ್ತೇನೋ ನಾವು ಅರಿಯೆವು. ಅರಿಯಬೇಕೆಂದೂ ನಮಗೆ ತೋರಲಿಲ್ಲ. ಊರಿನ ಬಾಯಿಗೆ ಹೆದರಿದೆವು. ಅಲಮಾರಿಯ ಪುಸ್ತಕಗಳನ್ನು ಎಣಿಸಬೇಕಾಗಿದೆಯೆಂದು ಸುಳ್ಳು ಹೇಳಿ ಕೀಲಿ ಹಾಕಿದೆವು. ಒಬ್ಬಳ ತಂದೆಯನ್ನು ಕರೆಯಿಸಿ, ಮಗಳ ಮೇಲೆ ಕಣ್ಣಿಡ ಹೇಳಿದೆವು. ಉಪಕಾರ ಮಾಡಿದೆವೆಂದೇ ನಮ್ಮ ಎಣಿಕೆ. ಪರೀಕ್ಷೆಗೆ ಮೊದಲೇ ಆಕೆಯನ್ನು ಶಾಲೆ ಬಿಡಿಸಿದರು. ಓದಿನಲ್ಲಿ ಅವಳು ತರಗತಿಗೆ ಮೊದಲಿಗಳಾಗಿದ್ದಳು. ಅವಳೀಗ ಎಲ್ಲಿರುವಳೋ ನಮಗೆ ತಿಳಿಯದು.

ಇನ್ನೊಬ್ಬಳು ಕಲಬುರಗಿಯಲ್ಲಿ ಓದು ಮುಗಿಸಿ ಬೆಂಗಳೂರಿಗೆ ಹೋದಳು. ಕಳೆದ ವರ್ಷ, ನಾವು ನಿವೃತ್ತರಾದ ಸುದ್ದಿಯನ್ನು ಕೇಳಿ ನಮ್ಮನ್ನು ಕಾಣಲು ಬಂದಳು. ಜೊತೆಯಲ್ಲಿ ಇನ್ನೊಬ್ಬ ಮಹಿಳೆಯಿದ್ದಳು. ಹನ್ನೆರಡು ವರ್ಷಗಳಿಂದ ಇಬ್ಬರೂ ಕೂಡಿ ಬಾಳುತ್ತಿರುವುದಾಗಿ ನೆಟ್ಟಗೆ ಹೇಳಿದಳು. ನಾವು ಏನೂ ಹೇಳಲಾರದೆ ಕುಳಿತಿರಲು, ನಮ್ಮ ಗೃಹಿಣಿಯು ಇಬ್ಬರಿಗೂ ಚಹ ತಂದುಕೊಟ್ಟಳು. ಆಗ ಆ ವಿದ್ಯಾರ್ಥಿನಿಯು ತಾನು ಬೆಂಗಳೂರಿಗೆ ಹೋದ ಹೊಸತರಲ್ಲಿ ಕಂಡ, ಸ್ತ್ರೀಯರು ನಡೆಸುತ್ತಿದ್ದ ಒಂದು ಓದುವ ಕೋಣೆಯ ಕಥೆಯನ್ನು ಹೇಳಿದಳು.

“ಅಲ್ಲಿ ಯಾರೂ ‘ಯಾಕ ಬಂದಿ’ ಅಂತ ಕೇಳಲಿಲ್ರಿ ಗುರುಗಳೇ. ಮೂರು ತಿಂಗಳು ಬರೇ ಕುಂತು ಓದಿದೆ. ಆಮ್ಯಾಲ ಒಂದಿನ ಬಾಯಿ ಬಿಟ್ಟು ಮಾತಾಡಿದೆ.”

ನಾವು ಅವಳ ಗೆಳತಿಯ ಮಾತನ್ನೆತ್ತಿ, ತಪ್ಪಾಯಿತೆಂದು ಹೇಳಿದೆವು. ಅವಳು ಅಳಲಿಲ್ಲ, ಆಡಲಿಲ್ಲ. ಸ್ವಲ್ಪ ಹೊತ್ತು ಅಂಗಳವನ್ನು ನೋಡುತ್ತಿದ್ದು, “ಆಕಿಗೂ ಅಂಥಾದ್ದೊಂದು ಖೋಲಿ ಸಿಕ್ಕಿದ್ರ ಛೊಲೊ ಇರತಿತ್ರಿ,” ಎಂದಳು. ಹೋಗುವಾಗ ಒಂದು ರಟ್ಟಿನ ಪೆಟ್ಟಿಗೆಯ ತುಂಬ ಪುಸ್ತಕಗಳನ್ನು ನಮ್ಮ ಪಡಸಾಲೆಯಲ್ಲಿ ಇಳಿಸಿ, ಇವಕ್ಕೆ ಕೀಲಿ ಹಾಕಬೇಡಿರೆಂದು ಕೇಳಿಕೊಂಡಳು. ಈ ಲೇಖನದ ಮೂಲವು ಆ ಪೆಟ್ಟಿಗೆಯೇ.

ನಮ್ಮ ವಾಚಕರಲ್ಲಿ ಯಾರೂ ನಾಳೆಯೇ ಪುಸ್ತಕದಂಗಡಿಯನ್ನು ತೆರೆಯಲೆಂದು ನಾವು ಹೇಳುವುದಿಲ್ಲ. ಅದು ನಷ್ಟದ ವ್ಯಾಪಾರವೆಂಬುದನ್ನು ಮೇಲೆಯೇ ಹೇಳಿರುವೆವು. ಆದರೆ ಆ ಅಂಗಡಿಗಳ ಸಾರವು ಮೂರೇ ಮೂರು ವಸ್ತುಗಳಲ್ಲಿತ್ತು: ಕೀಲಿಯಿಲ್ಲದ ಕಪಾಟು, ಕುಳಿತುಕೊಳ್ಳಲು ಆಸನ, ‘ಏಕೆ ಬಂದೆ’ ಎಂದು ಕೇಳದ ನಾಲಗೆ. ಇವು ಪಂಚಾಯತಿಯ ಗ್ರಂಥಾಲಯದಲ್ಲಿಯೂ ಸಾಧ್ಯ, ಶಾಲೆಯಲ್ಲಿಯೂ ಸಾಧ್ಯ, ಮನೆಯ ಪಡಸಾಲೆಯಲ್ಲಿಯೂ ಸಾಧ್ಯ. ಮೂರರಲ್ಲಿ ಕೊನೆಯದೇ ಕಠಿನವೆಂದು ನಮ್ಮ ಅನುಭವ.

ನಾವು ಆ ಪುಸ್ತಕಗಳನ್ನು, ನಮ್ಮಲ್ಲಿದ್ದ ತ್ರಿವೇಣಿ, ಗೀತಾ ನಾಗಭೂಷಣ ಮೊದಲಾದವರ ಕಾದಂಬರಿಗಳ ಜೊತೆಗೆ, ಪಡಸಾಲೆಯ ಗೂಡುಗಳಲ್ಲಿ ಜೋಡಿಸಿದೆವು. ಗುರುವಾರ ಮಧ್ಯಾಹ್ನ ಎರಡು ಗಂಟೆಯ ಹೊತ್ತು ಹೆಣ್ಣುಮಕ್ಕಳು ಬಂದು ಓದಬಹುದೆಂದು ಓಣಿಯಲ್ಲಿ ಹೇಳಿಸಿದೆವು. ಮೊದಲ ವಾರ ಯಾರೂ ಬರಲಿಲ್ಲ. ಎರಡನೆಯ ವಾರವೂ ಇಲ್ಲ. ಮೂರನೆಯ ವಾರ ನಾವು ಹಾಜರಿ ಪುಸ್ತಕವನ್ನು ತೆರೆದುಕೊಂಡು ಬಾಗಿಲ ಬಳಿಯಲ್ಲಿ ಕುಳಿತಿರಲು, ನಮ್ಮ ಗೃಹಿಣಿಯು ಬಂದು, “ನೀವಿಲ್ಲಿ ಕುಂತರ ಯಾರು ಬರತಾರ್ರೀ? ಕಟ್ಟಿ ಮ್ಯಾಲ ಹೋಗಿ ಕೂಡ್ರಿ. ಆ ಹಾಜರಿ ಪುಸ್ತಕಾನೂ ಒಯ್ಯಿರಿ,” ಎಂದಳು.

ಮೂವತ್ತು ವರ್ಷ ಪಾಠ ಹೇಳಿದವರು ಆ ದಿನ ಪಾಠ ಕಲಿತೆವು. ಮುಂದಿನ ವಾರ ನೆರೆಮನೆಯ ಸೊಸೆಯು ಹೊಲಿಗೆಯ ನಮೂನೆ ಕೇಳುವ ನೆಪದಿಂದ ಬಂದು, ಒಂದು ಗಂಟೆ ಕುಳಿತು ಹೋದಳಂತೆ. ಈಗ ಐದಾರು ಮಂದಿ ಬರುತ್ತಿರುವರೆಂದು ಕೇಳಿದ್ದೇವೆ. ಯಾರು ಬರುವರು, ಯಾವ ಪುಸ್ತಕವನ್ನು ಓದುವರು, ಏನು ಮಾತನಾಡುವರು ಎಂಬುದನ್ನು ನಾವು ಕೇಳುವುದಿಲ್ಲ. ಗುರುವಾರ ಮಧ್ಯಾಹ್ನ ನಾವು ಬೇವಿನ ಕಟ್ಟೆಯ ಮೇಲಿರುತ್ತೇವೆ.